ಮೂರನೇ ಸಲದ ಭಾರ

(ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಹುಡುಗ ಹುಡುಗಿಯರ ಸಭೆಯಲ್ಲಿ ಆಡಿದ ಮಾತು. ಆಡಿದ ಹಾಗೇ ಬರೆದುಕೊಟ್ಟಿದ್ದೇನೆ. ಚಪ್ಪಾಳೆ, ಗಲಾಟೆ ಮಾತ್ರ ಬಿಟ್ಟಿದ್ದೇನೆ.)



ಒಂದು ಪದ್ಯ ಓದು ಅಂತ ನನ್ನನ್ನು ಕರೆದರು. ಪದ್ಯ ಇನ್ನೊಂದು ದಿನ ಓದುತ್ತೇನೆ. ಇವತ್ತು ಭಾರ ಎತ್ತುವ ಒಬ್ಬರ ಕಥೆ, ಮುಷ್ಟಿಯುದ್ಧ ಮಾಡಿದ ಒಬ್ಬನ ಕಥೆ ಹೇಳಬೇಕು ಅಂತ ಬಂದಿದ್ದೇನೆ. ಮೊದಲನೆಯವರು ನಮ್ಮ ವಂಡ್ಸೆ ಕಡೆಯವರು. ಎರಡನೆಯವನು ಇಂಗ್ಲೆಂಡಿನವನು, ಸತ್ತು ಅರವತ್ತು ವರ್ಷದ ಹತ್ತಿರ ಹತ್ತಿರ ಆಯಿತು. ಇವರಿಬ್ಬರ ನಡುವೆ ನಿಮ್ಮದು, ನನ್ನದು ಎಲ್ಲಿ ಬರುತ್ತದೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ಮೊದಲು ನಮ್ಮ ಮನೆಯಿಂದಲೇ ಶುರು ಮಾಡುತ್ತೇನೆ. ನನ್ನ ಅಪ್ಪ ಮುರಕಲ್ಲು ಹೊತ್ತವರು. ಕಲ್ಲಿನ ಕ್ವಾರಿಯಿಂದ ಲಾರಿಗೆ, ಲಾರಿಯಿಂದ ಯಾರದೋ ಮನೆಯ ಪಂಚಾಂಗಕ್ಕೆ. ಆ ಕೆಲಸ ಇಲ್ಲದ ದಿನ ಅಕ್ಕಿ ಮಿಲ್ಲಿನಲ್ಲಿ ಮೂಟೆ. ಒಂದು ದಿನಕ್ಕೆ ಎಷ್ಟು ಕಲ್ಲು ಹೊತ್ತಿರಿ ಅಂತ ನಾನು ಸಣ್ಣವನಿದ್ದಾಗ ಕೇಳಿದ್ದೆ. 'ಲೆಕ್ಕ ಇಟ್ಕಂಬುದ್ ಮೇಸ್ತ್ರಿ, ನಾನಲ್ಲ' ಅಂದರು. ಆ ಮಾತು ನನಗೆ ಈಗ ಅರ್ಥ ಆಗುತ್ತಾ ಇದೆ. ಗಂಗೊಳ್ಳಿ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಹೆಂಗಸಿನ ತಲೆ ಮೇಲೆ ಎಷ್ಟು ಕೆ.ಜಿ. ಇದೆ ಅಂತ ಯಾರು ಬರೆದಿಟ್ಟಿದ್ದಾರೆ? ಬ್ರಹ್ಮಾವರದ ಸಕ್ಕರೆ ಕಾರ್ಖಾನೆ ನಿಂತುಹೋಗಿ ವರ್ಷಗಟ್ಟಲೆ ಆಯಿತು. ಅದು ನಡೆಯುತ್ತಿದ್ದಾಗ ಎಷ್ಟು ಟನ್ ಕಬ್ಬು ಅರೆಯಿತು ಅನ್ನುವ ಲೆಕ್ಕ ಎಲ್ಲೋ ಕಡತದಲ್ಲಿ ಇದ್ದೀತು. ಆ ಕಬ್ಬು ಹೊತ್ತವರ ಬೆನ್ನಿನ ಲೆಕ್ಕ ಯಾವ ಕಡತದಲ್ಲೂ ಸಿಗುವುದಿಲ್ಲ.

ನಮ್ಮ ಜನಕ್ಕೆ ಭಾರ ಎತ್ತುವುದು ಹೊಸದಲ್ಲ. ಎತ್ತಿದ್ದನ್ನು ಒಬ್ಬ ಅಳೆದು, ನಮ್ಮ ಹೆಸರಿನ ಮುಂದೆ ಬರೆದು, ಜೋರಾಗಿ ಓದಿ ಹೇಳುವುದು ಹೊಸದು.

ಓಡುವುದೂ ಹಾಗೇ. ಕಂಬಳದ ಕೋಣ ಓಡುವ ಮೊದಲು ಕೊರಗರನ್ನು ಆ ಕೆಸರಿನಲ್ಲಿ ಓಡಿಸುತ್ತಿದ್ದರು. ಗಾಜು, ಮುಳ್ಳು ಏನಾದರೂ ಇದ್ದರೆ ಮೊದಲು ಇವರ ಕಾಲಿಗೆ ಚುಚ್ಚಲಿ, ಕೋಣದ ಕಾಲಿಗೆ ಬೇಡ ಅಂತ. ಅದನ್ನು ಅಜಲು ಪದ್ಧತಿ ಅಂತ ಹೇಳಿ, ನಿಷೇಧಿಸುವ ಕಾನೂನು ಬರಲಿಕ್ಕೆ 2000ನೇ ಇಸವಿ ಆಗಬೇಕಾಯಿತು. ಸ್ವಾತಂತ್ರ್ಯ ಬಂದು ಐವತ್ತಮೂರು ವರ್ಷ! ಕೋಣ ಗೆದ್ದರೆ ಕೋಣಕ್ಕೆ ಹಾರ, ಯಜಮಾನನಿಗೆ ಚಿನ್ನ. ಮೊದಲು ಓಡಿದವನ ವೇಗವನ್ನು ಯಾವ ಗಡಿಯಾರವೂ ಅಳೆಯಲಿಲ್ಲ.

ಅದಕ್ಕೇ ಗೆಳೆಯರೇ, ಆಟ ಅಂದರೆ ಹೊಟ್ಟೆ ತುಂಬಿದವರ ಕಾಲಹರಣ, ಹೋರಾಟದವರಿಗೆ ಅದರ ಗೊಡವೆ ಯಾಕೆ ಅಂತ ಹೇಳುವವರ ಮಾತು ನಾನು ಒಪ್ಪುವುದಿಲ್ಲ. ಯಾವ ಮೈ ಆಟಕ್ಕೆ, ಯಾವ ಮೈ ಚಾಕರಿಗೆ ಅಂತ ತೀರ್ಮಾನ ಮಾಡುವುದೇ ಜಾತಿಯ ಕೆಲಸ.

ಈಗ ವಂಡ್ಸೆಯ ಕಥೆಗೆ ಬರುತ್ತೇನೆ.

ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಕೊಲ್ಲೂರಿನ ದಾರಿ ಹಿಡಿದರೆ ವಂಡ್ಸೆ, ಆಮೇಲೆ ಚಿತ್ತೂರು. ಆ ಕಡೆಯ ಹುಡುಗ ಗುರುರಾಜ ಪೂಜಾರಿ. ಹುಟ್ಟಿದ್ದು 1992ರಲ್ಲಿ. ನನಗೆ ಪರಿಚಯ ಇಲ್ಲ. ಆದರೂ ಗುರುರಾಜಣ್ಣ ಅಂತಲೇ ಹೇಳುತ್ತೇನೆ, ನೀವು ಬೇಜಾರು ಮಾಡಿಕೊಳ್ಳಬೇಡಿ. ಅಪ್ಪ ಪಿಕಪ್ ವಾಹನದ ಡ್ರೈವರ್. ಮನೆಯಲ್ಲಿ ಎಂಟು ಜನ. ಒಬ್ಬರ ದುಡಿಮೆಯಲ್ಲಿ ಎಂಟು ಬಾಯಿ. ಇದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಕುಸ್ತಿಯಲ್ಲಿ ಕಂಚು ಗೆದ್ದದ್ದನ್ನು ನೋಡಿ ಈ ಹುಡುಗನಿಗೆ ಕುಸ್ತಿಯ ಹುಚ್ಚು ಹತ್ತಿತು. ಆಮೇಲೆ ಉಜಿರೆಗೆ ಕಾಲೇಜಿಗೆ ಹೋದರು. ಅಲ್ಲಿಯ ತರಬೇತುದಾರರು ಕುಸ್ತಿ ಬಿಡು, ಭಾರ ಎತ್ತು ಅಂದರು. ಅದು 2010. ಶುರುವಿನ ತಿಂಗಳುಗಳಲ್ಲಿ ಸರಳು ಹೇಗೆ ಹಿಡಿಯಬೇಕು ಅನ್ನುವುದೇ ತಿಳಿಯುತ್ತಿರಲಿಲ್ಲ, ಬಹಳ ಭಾರ ಅನ್ನಿಸುತ್ತಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಗಂಡಸರ ಸ್ಪರ್ಧೆಯ ಬರೀ ಸರಳೇ 20 ಕೆ.ಜಿ. ಮುಂದೆ ಅದರ ಮೇಲೆ ನೂರಮೂವತ್ತು ಕೆ.ಜಿ. ಏರಿಸಿ ತಲೆ ಮೇಲೆ ಹಿಡಿದ ಮನುಷ್ಯನಿಗೂ ಮೊದಲ ದಿನ ಸರಳೇ ಭಾರವಾಗಿತ್ತು.

ಈ ಆಟಕ್ಕೆ ಊಟ ಬೇಕು. ಗಂಜಿ, ಚಟ್ನಿಯಲ್ಲಿ ಆಗುವುದಿಲ್ಲ. ಮೊಟ್ಟೆ, ಹಾಲು, ಮಾಂಸ ಬೇಕು, ದಿನಾ ಬೇಕು. ಮನೆಯಲ್ಲಿ ಅದಕ್ಕೆ ದುಡ್ಡು ಇರಲಿಲ್ಲ. ಸೈನ್ಯಕ್ಕೆ ಸೇರೋಣ ಅಂತ ನೋಡಿದರೆ ಎತ್ತರ ಸಾಲದು ಅಂತ ಆಯಿತು. ನಮ್ಮ ಕಡೆ ಎಷ್ಟು ಹುಡುಗರು ಆ ಅಳತೆಪಟ್ಟಿಯ ಕೆಳಗೆ ನಿಂತು, ಬಗ್ಗಿದ ತಲೆಯಲ್ಲಿ ವಾಪಸ್ ಬಂದಿಲ್ಲ! ಆಮೇಲೆ ವಾಯುಪಡೆಯಲ್ಲಿ ಎತ್ತರಕ್ಕೆ ಸ್ವಲ್ಪ ರಿಯಾಯಿತಿ ಇದೆ ಅಂತ ಗೊತ್ತಾಗಿ ಅಲ್ಲಿ ಸೇರಿದರು. ಕೆಲಸ ಸಿಕ್ಕಿತು, ಸಂಬಳ ಸಿಕ್ಕಿತು, ಊಟ ಸಿಕ್ಕಿತು. 2016ರಲ್ಲಿ ಮಲೇಷ್ಯಾದ ಪೆನಾಂಗಿನಲ್ಲಿ ಕಾಮನ್‌ವೆಲ್ತ್ ಚಾಂಪಿಯನ್‌ಷಿಪ್ ಚಿನ್ನ ಸಿಕ್ಕಿತು. ಈ ಸಾಲನ್ನು ಹಿಂದುಮುಂದು ಮಾಡಬೇಡಿ. ಮೊದಲು ಊಟ, ಆಮೇಲೆ ಚಿನ್ನ. ಚಿನ್ನ ತಾ, ಆಮೇಲೆ ಊಟ ಹಾಕುತ್ತೇವೆ ಅಂತ ಹೇಳುವವರೇ ನಮ್ಮ ಸುತ್ತ ಜಾಸ್ತಿ ಇದ್ದಾರೆ.

2018, ಏಪ್ರಿಲ್ 5. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್. ಕಾಮನ್‌ವೆಲ್ತ್ ಕ್ರೀಡಾಕೂಟದ ಮೊದಲ ದಿನ. 56 ಕೆ.ಜಿ. ವಿಭಾಗ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಎರಡು ಭಾಗ. ಸ್ನ್ಯಾಚ್ ಅಂದರೆ ನೆಲದಿಂದ ಒಂದೇ ಎಳೆತಕ್ಕೆ ತಲೆ ಮೇಲೆ. ಕ್ಲೀನ್ ಅಂಡ್ ಜರ್ಕ್ ಅಂದರೆ ಮೊದಲು ಎದೆಗೆ, ಆಮೇಲೆ ತಲೆ ಮೇಲೆ. ಒಂದೊಂದಕ್ಕೂ ಮೂರು ಅವಕಾಶ. ಎರಡರಲ್ಲೂ ಎತ್ತಿದ ದೊಡ್ಡ ಭಾರವನ್ನು ಕೂಡಿಸುತ್ತಾರೆ. ಒಂದು ಭಾಗದಲ್ಲಿ ಮೂರೂ ಸಲ ತಪ್ಪಿದರೆ ಇನ್ನೊಂದರಲ್ಲಿ ಎತ್ತಿದ್ದೂ ಲೆಕ್ಕಕ್ಕಿಲ್ಲ. ಮೊತ್ತವೇ ಇಲ್ಲ. ಹೆಸರಿನ ಮುಂದೆ ಖಾಲಿ.

ಗುರುರಾಜಣ್ಣ ಸ್ನ್ಯಾಚ್‌ನಲ್ಲಿ 111 ಎತ್ತಿದರು. ಎರಡನೇ ಭಾಗಕ್ಕೆ ಬಂದರು. ಮೊದಲನೇ ಸಲ ತಪ್ಪಿತು. ಎರಡನೇ ಸಲವೂ ತಪ್ಪಿತು.

ಈಗ ಒಂದು ನಿಮಿಷ ಆ ಜಾಗದಲ್ಲಿ ನಿಂತು ನೋಡಿ. ಎಂಟು ವರ್ಷದ ಬೆವರು. ಇನ್ನೊಂದು ತಪ್ಪಿದರೆ ಆ 111 ಕೂಡ ನೀರಿಗೆ ಹಾಕಿದ ಹಾಗೆ. ವಂಡ್ಸೆಗೆ ಬಂದು ಏನು ಅಂತ ಹೇಳುವುದು? ಈ ಒಂದು ಪದಕದ ಮೇಲೆ ನಿನ್ನ ಬದುಕು ಎಷ್ಟು ನಿಂತಿದೆ ಅಂತ ಕೋಚ್ ನೆನಪು ಮಾಡಿದರಂತೆ. ಮನೆಯವರನ್ನು, ದೇಶವನ್ನು ನೆನೆಸಿಕೊಂಡೆ ಅಂತ ಇವರು ಆಮೇಲೆ ಪತ್ರಿಕೆಯವರಿಗೆ ಹೇಳಿದರು. ಮೂರನೇ ಸಲ ಹೋದರು. 138 ಕೆ.ಜಿ. ಎತ್ತಿ ನಿಂತರು. ಒಟ್ಟು 249. ಬೆಳ್ಳಿ. ಆ ಕೂಟದಲ್ಲಿ ಭಾರತದ ಮೊದಲ ಪದಕ ಅದೇ. ಚಿನ್ನ ಗೆದ್ದ ಮಲೇಷ್ಯಾದವನದು 261. ಕಂಚು ಗೆದ್ದ ಶ್ರೀಲಂಕಾದವನದು 248. ಅಂದರೆ ಬೆಳ್ಳಿಗೂ ಕಂಚಿಗೂ ನಡುವೆ ಒಂದೇ ಒಂದು ಕೆ.ಜಿ. ರೇಷನ್ ಅಂಗಡಿಯಲ್ಲಿ ತಕ್ಕಡಿ ಸ್ವಲ್ಪ ಬಾಗಿಸಿ ನಮಗೆ ಕಡಿಮೆ ಕೊಡುತ್ತಾರಲ್ಲ, ಅಷ್ಟು.

ಊರಿಗೆ ಊರೇ ಕುಣಿಯಿತು. ಒಳ್ಳೆಯದೇ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಾರ ಹಾಕಿದವರಿಗೆ ಗೊತ್ತಿಲ್ಲದ್ದು ಆಮೇಲೆ ನಡೆಯಿತು.

ಅದೇ 2018ರಲ್ಲಿ ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ತೂಕದ ವಿಭಾಗಗಳನ್ನೆಲ್ಲ ಬದಲಾಯಿಸಿತು. 56 ಕೆ.ಜಿ. ಅನ್ನುವ ವಿಭಾಗವೇ ಹೋಯಿತು. ಇವರು ಬೆಳ್ಳಿ ಗೆದ್ದ ಮನೆಯನ್ನೇ ಕೆಡವಿ ಹಾಕಿದ ಹಾಗೆ. ಮುಂದೆ 61 ಕೆ.ಜಿ.ಗೆ ಹೋಗಬೇಕು. ಐದು ಕೆ.ಜಿ. ಮೈ ಬೆಳೆಸಬೇಕು, ಕೊಬ್ಬಲ್ಲ, ಮಾಂಸಖಂಡ. ಎದುರಾಳಿಗಳೂ ದೊಡ್ಡವರು. ವಯಸ್ಸು ಇಪ್ಪತ್ತಾರು ದಾಟಿದೆ. ಟೋಕಿಯೋ ಒಲಿಂಪಿಕ್ಸ್ ಬಂತು, ಹೋಯಿತು. ಅದಕ್ಕೆ ಭಾರತದಿಂದ ಭಾರ ಎತ್ತಲು ಹೋದವರು ಮೀರಾಬಾಯಿ ಚಾನು ಒಬ್ಬರೇ. ನಾಲ್ಕು ವರ್ಷ ನಮ್ಮ ಊರಿನ ಬ್ಯಾನರುಗಳಲ್ಲಿ ಈ ಮನುಷ್ಯನ ಮುಖ ಕಾಣಲಿಲ್ಲ. ಕಾಣದ ಆ ನಾಲ್ಕು ವರ್ಷವೇ ನಿಜವಾದ ಆಟ ಅಂತ ನನಗೆ ಅನ್ನಿಸುತ್ತದೆ.

2022, ಜುಲೈ 30. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಮತ್ತೆ ಕಾಮನ್‌ವೆಲ್ತ್ ಕೂಟ. 61 ಕೆ.ಜಿ. ವಿಭಾಗ. ಸ್ನ್ಯಾಚ್ 118, ಕ್ಲೀನ್ ಅಂಡ್ ಜರ್ಕ್ 151. ಒಟ್ಟು 269. ಕಂಚು. ಮಲೇಷ್ಯಾದವನಿಗೆ 285ರಲ್ಲಿ ಚಿನ್ನ, ಪಪುವಾ ನ್ಯೂಗಿನಿಯವನಿಗೆ 273ರಲ್ಲಿ ಬೆಳ್ಳಿ. ನಾಲ್ಕನೆಯವನು ಕೆನಡಾದವನು, 268. ಮತ್ತೆ ಒಂದೇ ಕೆ.ಜಿ.!

ಆಗ ನಮ್ಮ ಕಡೆ ಒಂದು ಹೋಟೆಲಿನಲ್ಲಿ ಕೂತಾಗ ಒಬ್ಬರು ಹೇಳಿದ್ದು ನಾನು ಕೇಳಿಸಿಕೊಂಡೆ. 'ಹೋದ ಸಲ ಬೆಳ್ಳಿ, ಈ ಸಲ ಕಂಚಾ? ಇಳ್ದ್ ಹೋಯ್ತಲ್ಲ ಮಾರಾಯ' ಅಂತ. ಲೆಕ್ಕ ಹಾಕಿ ನೋಡಿ ಗೆಳೆಯರೇ. 249 ಎತ್ತಿದಾಗ ಬೆಳ್ಳಿ, 269 ಎತ್ತಿದಾಗ ಕಂಚು. ಇಪ್ಪತ್ತು ಕೆ.ಜಿ. ಜಾಸ್ತಿ ಎತ್ತಿದವರಿಗೆ ನಾವು ಇಳಿದುಹೋದ ಅಂತ ಹೇಳುತ್ತೇವೆ! ಪದಕದ ಬಣ್ಣ ನೋಡುವವನಿಗೆ ಇಳಿತ ಕಾಣುತ್ತದೆ. ಸರಳಿನ ಮೇಲಿನ ಭಾರ ನೋಡುವವನಿಗೆ ಏರಿಕೆ ಕಾಣುತ್ತದೆ. ನಮ್ಮ ಮಕ್ಕಳ ಮಾರ್ಕು ಪಟ್ಟಿಯನ್ನೂ ಜನ ಹೀಗೇ ಓದುತ್ತಾರೆ. ಮೊದಲ ತಲೆಮಾರಿಗೆ ಶಾಲೆಗೆ ಬಂದ ಹುಡುಗಿ ಐವತ್ತು ತೆಗೆದರೆ 'ಅಷ್ಟೇಯಾ' ಅನ್ನುತ್ತಾರೆ. ಅವಳು ಯಾವ ಆಳದಿಂದ ಎತ್ತಿ ತಂದಳು ಅಂತ ಕೇಳುವುದಿಲ್ಲ.

ಬರ್ಮಿಂಗ್‌ಹ್ಯಾಮ್ ಹೆಸರು ಬಂತು. ಆ ಊರಿನ ಇನ್ನೊಂದು ಕಥೆ ಇದೆ.

ಆ ಊರಿಗೆ ಹತ್ತಿರ ಲೆಮಿಂಗ್ಟನ್ ಅಂತ ಒಂದು ಪೇಟೆ. ಅಲ್ಲಿ 1928ರಲ್ಲಿ ರ್‍ಯಾಂಡಾಲ್ಫ್ ಟರ್ಪಿನ್ ಅನ್ನುವವನು ಹುಟ್ಟಿದ. ಅಪ್ಪ ಬ್ರಿಟಿಷ್ ಗಯಾನಾದಿಂದ ಬಂದ ಕಪ್ಪು ಮನುಷ್ಯ, ಅಮ್ಮ ಬಿಳಿಯ ಹೆಂಗಸು. ಅಪ್ಪ ಮೊದಲ ಮಹಾಯುದ್ಧದಲ್ಲಿ ಇಂಗ್ಲೆಂಡಿಗಾಗಿ ಹೋರಾಡಿ ವಿಷಾನಿಲಕ್ಕೆ ಸಿಕ್ಕಿದವನು. ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ತೀರಿಕೊಂಡ. ಆ ದೇಶದ ಮುಷ್ಟಿಯುದ್ಧದಲ್ಲಿ ಆಗ ಒಂದು ನಿಯಮ. ಬ್ರಿಟಿಷ್ ಚಾಂಪಿಯನ್ ಪಟ್ಟಕ್ಕೆ ಹೋರಾಡುವವನ ಅಪ್ಪ ಅಮ್ಮ ಇಬ್ಬರೂ ಬಿಳಿಯರಾಗಿರಬೇಕು. ದೇಶಕ್ಕಾಗಿ ಸಾಯಬಹುದು, ದೇಶದ ಪಟ್ಟ ಕೇಳಬಾರದು. ನಿಮಗೆ ಇದು ಎಲ್ಲಿಯೋ ಕೇಳಿದ ಹಾಗೆ ಆಗುತ್ತದೆ ಅಲ್ಲವಾ?

ಆ ನಿಯಮ 1948ರಲ್ಲಿ ಹೋಯಿತು. ಹೋದ ಕೂಡಲೇ ಪಟ್ಟ ಗೆದ್ದ ಮೊದಲ ಕಪ್ಪು ಮನುಷ್ಯ ರ್‍ಯಾಂಡಾಲ್ಫನ ಅಣ್ಣ ಡಿಕ್ ಟರ್ಪಿನ್. ಜೂನ್ 28, 1948. ಎಲ್ಲಿ? ಅದೇ ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ. ಎಪ್ಪತ್ತನಾಲ್ಕು ವರ್ಷ ಆದ ಮೇಲೆ ಅದೇ ಊರಿನಲ್ಲಿ ವಂಡ್ಸೆಯ ಪಿಕಪ್ ಡ್ರೈವರನ ಮಗ ಕಂಚು ಕಟ್ಟಿಕೊಂಡ.

ತಮ್ಮ ರ್‍ಯಾಂಡಾಲ್ಫ್ ನೌಕಾಪಡೆಯಲ್ಲಿ ಅಡುಗೆ ಕೆಲಸ ಮಾಡಿದವನು. ಜುಲೈ 10, 1951ರಂದು ಲಂಡನ್ನಿನಲ್ಲಿ ಹದಿನೈದು ಸುತ್ತು ಹೋರಾಡಿ, ಸೋಲೇ ಅಪರೂಪವಾಗಿದ್ದ ಅಮೆರಿಕದ ಶುಗರ್ ರೇ ರಾಬಿನ್‌ಸನ್‌ನನ್ನು ಸೋಲಿಸಿದ. ಲೋಕದ ಮಿಡ್ಲ್‌ವೆಯ್ಟ್ ಚಾಂಪಿಯನ್ ಆದ. ಲೆಮಿಂಗ್ಟನ್ನಿನ ಬೀದಿ ತುಂಬ ಜನ. ಆ ಪಟ್ಟ ಇದ್ದದ್ದು 64 ದಿನ. ಸೆಪ್ಟೆಂಬರ್ 12ಕ್ಕೆ ನ್ಯೂಯಾರ್ಕಿನಲ್ಲಿ ಎರಡನೇ ಹೋರಾಟ. ಅರವತ್ತು ಸಾವಿರದಷ್ಟು ಜನ. ಹತ್ತನೇ ಸುತ್ತಿನಲ್ಲಿ ರೆಫ್ರಿ ಹೋರಾಟ ನಿಲ್ಲಿಸಿದ. ಪಟ್ಟ ಹೋಯಿತು. 1953ರಲ್ಲಿ ಮತ್ತೆ ಪ್ರಯತ್ನಪಟ್ಟ, ಆಗಲಿಲ್ಲ.

ಕೈಗೆ ಬಂದ ದುಡ್ಡು ಬಹಳ. ಆದರೆ ಅದನ್ನು ಕಾಯುವುದು ಹೇಗೆ ಅಂತ ಹೇಳಿಕೊಡುವವರು ಇರಲಿಲ್ಲ. ಗುಡ್ಡದ ಮೇಲೆ ಹೋಟೆಲು ಮಾಡಿ ಕಳೆದುಕೊಂಡ. ತೆರಿಗೆಯವರು ಬೆನ್ನು ಹತ್ತಿದರು. 1962ರಲ್ಲಿ ದಿವಾಳಿ. ಗುಜರಿ ಅಂಗಡಿಯಲ್ಲಿ ಕಬ್ಬಿಣ ಒಡೆದ, ಹೊಟ್ಟೆಗಾಗಿ ಪ್ರದರ್ಶನದ ಕುಸ್ತಿ ಆಡಿದ. 1966ರ ಮೇ 17ರಂದು ತನ್ನ ಪ್ರಾಣ ತಾನೇ ತೆಗೆದುಕೊಂಡ. ಮೂವತ್ತೇಳು ವರ್ಷ. 2001ರಲ್ಲಿ ವಾರ್ವಿಕ್ ಪೇಟೆಯ ಚೌಕದಲ್ಲಿ ಅವನ ಪ್ರತಿಮೆ ನಿಲ್ಲಿಸಿದರು. ಪ್ರತಿಮೆಗೆ ತೆರಿಗೆ ಇಲ್ಲ, ಊಟವೂ ಬೇಡ.

ನಮ್ಮಲ್ಲೂ ಇಂಥದ್ದು ನಡೆದಿದೆ. ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ, ಚಮ್ಮಾರ ಜಾತಿಯವರು, ಪುಣೆಯ ಕ್ರಿಕೆಟ್ ಮೈದಾನದಲ್ಲಿ ಆಳಾಗಿ ಕೆಲಸ ಮಾಡುತ್ತಾ ಚೆಂಡು ಎಸೆಯಲು ಕಲಿತವರು. ಬಾಬಾಸಾಹೇಬರೂ ತಾರುಣ್ಯದಲ್ಲಿ ಮೆಚ್ಚಿಕೊಂಡಿದ್ದ ಆಟಗಾರ. ಅವರ ಬೌಲಿಂಗ್ ಬೇಕಾಗಿತ್ತು, ಆದರೆ ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತರು. ಹಿಂದೂ ತಂಡದ ನಾಯಕತ್ವ ಅವರಿಗೆ ಕೊನೆಗೂ ಕೊಡಲಿಲ್ಲ. ಅವರ ತಮ್ಮ ವಿಠ್ಠಲನಿಗೆ ಅದು ಸಿಗುವಾಗ 1923 ಆಗಿತ್ತು.

ಈ ಮೂರು ಕಥೆ ಕೂಡಿಸಿದರೆ ನನಗೆ ಕಾಣುವುದು ಇಷ್ಟು. ಟರ್ಪಿನ್ನನಿಗೆ ಬಲ ಕಡಿಮೆ ಇರಲಿಲ್ಲ. ಬಾಳೂ ಅವರಿಗೆ ಕಲೆ ಕಡಿಮೆ ಇರಲಿಲ್ಲ. ಗೆದ್ದ ದಿನ ಸುತ್ತ ನಿಂತವರು ಸೋತ ದಿನ ಇರಲಿಲ್ಲ, ಚಹಾದ ಹೊತ್ತಿಗೆ ಇರಲಿಲ್ಲ. ಗುರುರಾಜಣ್ಣನಿಗೆ ಕೆಳಗೆ ಒಂದು ನೆಲ ಇತ್ತು. ತಿಂಗಳ ಸಂಬಳ, ತಿಂಗಳ ಊಟ. 56 ಕೆ.ಜಿ. ವಿಭಾಗ ಮಾಯ ಆದಾಗ ಅವರು ಮಾಯ ಆಗಲಿಲ್ಲ. ಏರಿಳಿತ ಎಲ್ಲರಿಗೂ ಬರುತ್ತದೆ. ಇಳಿದಾಗ ಕಾಲಿಗೆ ನೆಲ ಸಿಗುತ್ತದೋ ಬಾವಿ ಸಿಗುತ್ತದೋ ಅನ್ನುವುದು ಒಬ್ಬೊಬ್ಬನ ಬಲದಿಂದ ತೀರ್ಮಾನ ಆಗುವುದಿಲ್ಲ.

ಈಗ ನನ್ನ ಕಥೆ. ನಾಚಿಕೆಯ ಕಥೆ, ಆದರೂ ಹೇಳುತ್ತೇನೆ.

ಕಾಲೇಜಿನಲ್ಲಿ ನಾನು 800 ಮೀಟರ್ ಓಡುತ್ತಿದ್ದೆ. ಯಾವ ಕಾಲೇಜು ಅಂತ ಕೇಳಬೇಡಿ. ಆಯ್ಕೆಯ ದಿನ ಎರಡನೆಯವನಾಗಿ ಬಂದೆ. ಮರುದಿನ ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ಮೂರನೆಯವನ ಹೆಸರು, ನಾಲ್ಕನೆಯವನ ಹೆಸರು ಇದೆ. ಕೇಳಲಿಕ್ಕೆ ಹೋದೆ. 'ನಿಮ್ಮವರಿಗೆ ಮೈಯಲ್ಲಿ ಕಸುವು ಇರ್ತದೆ. ನಾಳೆ ಬೇಗ ಬಾ, ಹೈಜಂಪಿನ ಗುಂಡಿ ಅಗೆಯುವುದಿದೆ, ಶಾಮಿಯಾನದ ಕಂಬ ಹೊರುವುದಿದೆ' ಅಂದರು.

ನಾನು ಹೋದೆ. ಅದೇ ನನಗೆ ಇವತ್ತಿಗೂ ಚುಚ್ಚುವುದು. ಸಿಟ್ಟು ಮಾಡಿಕೊಂಡು ಮನೆಗೆ ಬರಲಿಲ್ಲ, ಎದುರು ಮಾತಾಡಲಿಲ್ಲ. ಬೆಳಿಗ್ಗೆ ಆರಕ್ಕೆ ಹೋಗಿ ಗುಂಡಿ ಅಗೆದೆ. ಮಧ್ಯಾಹ್ನ ಊಟದ ಪೊಟ್ಟಣ ಕೊಟ್ಟರು, ತಿಂದೆ. ನನ್ನ ಹಿಂದೆ ಬಂದವನು ನಾನು ಅಗೆದ ಮೈದಾನದಲ್ಲಿ ಓಡಿದ. ಆ ಮೇಲೆ ನಾನು ಓಡಲೇ ಇಲ್ಲ. ಪದ್ಯ ಬರೆಯಲಿಕ್ಕೆ ಶುರು ಮಾಡಿದೆ. ಒಂದೇ ಸಲ ತಪ್ಪಿದ್ದಕ್ಕೆ ಸರಳನ್ನು ಕೆಳಗೆ ಬಿಟ್ಟವನು ನಾನು. ಇನ್ನೂ ಎರಡು ಅವಕಾಶ ಇತ್ತು ಅಂತ ನನಗೆ ಹೇಳುವವರು ಯಾರೂ ಇರಲಿಲ್ಲ.

ನನ್ನ ತಮ್ಮ ಇಲ್ಲೇ ಹಿಂದಿನ ಬೆಂಚಿನಲ್ಲಿ ಕೂತಿದ್ದಾನೆ. ತಲೆ ಬಗ್ಗಿಸಬೇಡ ಮಗಾ, ಬೈಯುವುದಿಲ್ಲ. ಹತ್ತೊಂಬತ್ತು ವರ್ಷ. ಭಾರ ಎತ್ತುತ್ತಾನೆ. ಎರಡು ಸಲ ಆಯ್ಕೆಗೆ ಹೋದ, ಎರಡು ಸಲವೂ ಆಗಲಿಲ್ಲ. ಇವನ ವಿಷಯದಲ್ಲಿ ಯಾರೂ ಮೋಸ ಮಾಡಲಿಲ್ಲ, ಸುಳ್ಳು ಹೇಳಬಾರದು. ಎತ್ತಲಿಕ್ಕೆ ಆಗಲಿಲ್ಲ, ಅಷ್ಟೇ. ಮನೆಯಲ್ಲಿ ದಿನಕ್ಕೆ ಒಂದು ಮೊಟ್ಟೆ ಸಿಕ್ಕರೆ ಅದೇ ಹಬ್ಬ. ಒಂದು ಮೊಟ್ಟೆಯಲ್ಲಿ ಎಷ್ಟು ಎತ್ತುತ್ತಾನೆ? ನಾಡಿದ್ದು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗುತ್ತಾನೆ, ಹೋಟೆಲಿಗೆ. ಟಿಕೇಟು ಆಗಿದೆ. ಕುಂದಾಪುರದ ಹುಡುಗರು ಮೊದಲಿಂದಲೂ ಹಿಡಿದ ಬಸ್ಸು ಅದು.

ಹೋಗಬೇಡ, ಮೂರನೇ ಸಲ ನೋಡು ಅಂತ ಹೇಳಲಿಕ್ಕೆ ನನಗೆ ಬಾಯಿ ಬರುತ್ತದೆ. ಹೇಳುವ ಹಕ್ಕು ಇದೆಯಾ? ಅವನಿಗೆ ಬೇಕಾದದ್ದು ಅಣ್ಣನ ಪದ್ಯ ಅಲ್ಲ. ಮನೆಗೆ ಬರಬೇಕಾದ ಅವನ ದುಡಿಮೆಯ ದುಡ್ಡನ್ನು ಒಂದು ವರ್ಷ ಬೇರೆ ಯಾರಾದರೂ ತುಂಬಬೇಕು. ಅದನ್ನು ನಾನು ತುಂಬುತ್ತೇನೆ ಅಂತ ನಿನ್ನೆ ರಾತ್ರಿ ಅಪ್ಪನಿಗೆ ಹೇಳಿದೆ. ಇದ್ದ ಟ್ಯೂಷನ್ನಿಗೆ ಇನ್ನೊಂದು ಸೇರಿಸುತ್ತೇನೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ 'ಹೊರುದ್ ನಮ್ಗೆ ಹೊಸ್ತಾ?' ಅಂತ ಕೇಳಿದರು.

ಉಳಿದದ್ದು ಮೊಟ್ಟೆ. ಅದಕ್ಕೆ ನಾನು ನಿಮ್ಮ ಮುಂದೆ ಕೈ ಚಾಚುತ್ತೇನೆ. ನನ್ನ ತಮ್ಮನೊಬ್ಬನಿಗೇ ಅಂತ ಅಲ್ಲ. ಬೈಂದೂರಿನಿಂದ ಬಂದ ಆ ಇಬ್ಬರು ಹುಡುಗಿಯರು ಕಬಡ್ಡಿ ಆಡುತ್ತಾರೆ, ಅವರಿಗೂ ಬೇಕು. ಲೆಕ್ಕ ಹೇಳುತ್ತೇನೆ, ಮೇಸ್ತ್ರಿಗೆ ಬಿಡುವುದು ಬೇಡ, ನಾವೇ ಬರೆದುಕೊಳ್ಳೋಣ. ಒಂದು ಕೇರಿಯಲ್ಲಿ ಮೂವತ್ತು ಮನೆ. ಮನೆಗೆ ತಿಂಗಳಿಗೆ ಆರು ಮೊಟ್ಟೆ ಕೊಟ್ಟರೆ 180 ಮೊಟ್ಟೆ. ಒಬ್ಬರಿಗೆ ದಿನಕ್ಕೆ ಆರು. ಅಂದರೆ ಒಂದು ಕೇರಿ ಒಬ್ಬ ಆಟಗಾರನನ್ನು ಸಾಕಬಹುದು. ಮೆರವಣಿಗೆಗೆ, ಬ್ಯಾನರಿಗೆ, ಹಾರಕ್ಕೆ ನಾವು ಖರ್ಚು ಮಾಡುವುದಕ್ಕಿಂತ ಇದು ಕಡಿಮೆ. ಯಾರು ಕೊಟ್ಟರು, ಯಾರಿಗೆ ಹೋಯಿತು, ಎಲ್ಲ ಒಂದು ಪುಸ್ತಕದಲ್ಲಿ ಬರೆದು ಪ್ರತಿ ಸಭೆಯಲ್ಲಿ ಓದೋಣ. ಗೆದ್ದರೂ ಕೊಡುವುದು, ಸೋತರೂ ಕೊಡುವುದು. ಸೋತ ಮೇಲೆ ನಿಲ್ಲಿಸುವುದಾದರೆ ಶುರು ಮಾಡುವುದೇ ಬೇಡ.

ಇದು ಸರ್ಕಾರದ ಕೆಲಸ ಅಲ್ಲವಾ ಅಂತ ಕೇಳಬಹುದು. ಹೌದು, ಅವರದ್ದೇ. ಮೂರು ತಾಲೂಕಿನ ಮೈದಾನ, ಹಾಸ್ಟೆಲಿನ ಊಟ, ತರಬೇತಿ, ಪಟ್ಟಿಯಲ್ಲಿ ನ್ಯಾಯ, ಎಲ್ಲವನ್ನೂ ಕೇಳುತ್ತೇವೆ, ಬೀದಿಗೆ ಬಂದು ಕೇಳುತ್ತೇವೆ. ಆದರೆ ನಾಡಿದ್ದಿನ ಬಸ್ಸು ಸರ್ಕಾರಿ ಆದೇಶಕ್ಕೆ ಕಾಯುವುದಿಲ್ಲ.

ನನ್ನ ಮಾತು ಮುಗಿಯಿತು. ಬಾಗಿಲ ಹತ್ತಿರ ಒಂದು ಹಳೇ ನೋಟುಪುಸ್ತಕ ಇಟ್ಟಿದ್ದೇನೆ, ಪೆನ್ನೂ ಇದೆ. ಮೊದಲನೇ ಸಾಲಿನಲ್ಲಿ ನನ್ನ ಹೆಸರು ಬರೆದಿದ್ದೇನೆ. ಹೋಗುವಾಗ ನೋಡಿಕೊಂಡು ಹೋಗಿ.

ಜೈ ಭೀಮ್.